ಮೂಗು ಸೋರುವುದಕ್ಕೆ ಯಾವ ಮನೆಮದ್ದು? ಕಾರಣ ನೋಡಿ ಆರಿಸಿಕೊಳ್ಳಿ

ಮೂಗು ಸೋರತೊಡಗಿದರೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಮದ್ದು ಹೇಳುತ್ತಾರೆ. ಅಜ್ಜಿ ಕಷಾಯ ಅನ್ನುತ್ತಾರೆ, ಅಪ್ಪ ಹಬೆ ತಗೋ ಅನ್ನುತ್ತಾರೆ, ಪಕ್ಕದ ಮನೆಯವರು ಅರಿಶಿನ ಕೊಂಬಿನ ಹೊಗೆ ಅನ್ನುತ್ತಾರೆ, ಮೆಡಿಕಲ್ ಸ್ಟೋರಿನಲ್ಲಿ ಸಿಟ್ರಿಜಿನ್ ಕೊಡುತ್ತಾರೆ. ಎಲ್ಲವೂ ಯಾರಿಗೋ ಯಾವಾಗಲೋ ಗುಣ ಕೊಟ್ಟಿದ್ದೇ, ಅದಕ್ಕೇ ಅಷ್ಟು ಖಾತ್ರಿಯಿಂದ ಹೇಳುತ್ತಾರೆ. ಆದರೆ ಗಟ್ಟಿ ಸಿಂಬಳದ ನೆಗಡಿಗೆ ಹಿತವಾದ ಮೆಣಸಿನ ಸಾರು ನೀರು ಸೋರುವ ಅಲರ್ಜಿಯ ಮೂಗನ್ನು ಇನ್ನಷ್ಟು ಸೋರಿಸುತ್ತದೆ. ಅಲರ್ಜಿಗೆ ಗಂಟೆಯೊಳಗೆ ಕೆಲಸ ಮಾಡುವ ಮಾತ್ರೆ ನೆಗಡಿಗೆ ನಿದ್ದೆ ಬರಿಸುವುದು ಬಿಟ್ಟರೆ ಹೆಚ್ಚೇನೂ ಮಾಡುವುದಿಲ್ಲ. ಆದ್ದರಿಂದ ಮೊದಲು ಕಾರಣ, ಆಮೇಲೆ ಮದ್ದು.

ಕಾರಣ ಗುರುತಿಸುವುದು ಹೇಗೆ

ನೆಗಡಿ ಬರುವ ರೀತಿಯೇ ಬೇರೆ. ಮೊದಲು ಗಂಟಲು ಕೆರೆಯುತ್ತದೆ, ಮೈ ಭಾರ ಅನ್ನಿಸುತ್ತದೆ, ಮಾರನೇ ದಿನ ಮೂಗಿನಿಂದ ನೀರು ಶುರುವಾಗುತ್ತದೆ. ಎರಡು-ಮೂರನೇ ದಿನ ಅದು ಜೋರಾಗಿರುತ್ತದೆ. ನಾಲ್ಕೈದನೇ ದಿನಕ್ಕೆ ಸಿಂಬಳ ಗಟ್ಟಿಯಾಗಿ ಬಿಳಿ, ಹಳದಿ, ಕೆಲವೊಮ್ಮೆ ಹಸಿರು ಬಣ್ಣಕ್ಕೆ ತಿರುಗುತ್ತದೆ. 7ರಿಂದ 10 ದಿನದಲ್ಲಿ ಇಳಿಯುತ್ತದೆ, ಕೆಮ್ಮು ಮಾತ್ರ ಇನ್ನೂ ಕೆಲ ದಿನ ಉಳಿಯಬಹುದು. ಹಸಿರು ಬಣ್ಣ ಕಂಡ ಕೂಡಲೇ 'ಇನ್ಫೆಕ್ಷನ್ ಆಗಿದೆ, ಆ್ಯಂಟಿಬಯೋಟಿಕ್ ಬೇಕು' ಎಂದು ಓಡುವವರು ಬಹಳ. ಆ ಬಣ್ಣ ವೈರಸ್ಸಿನ ವಿರುದ್ಧ ಹೋರಾಡಿದ ಬಿಳಿ ರಕ್ತಕಣಗಳೊಳಗಿನ ಕಿಣ್ವದ್ದು. ಸಾಮಾನ್ಯ ನೆಗಡಿಯಲ್ಲೂ ಬರುತ್ತದೆ. ನೆಗಡಿ ತರುವ ವೈರಸ್‌ಗಳು 200ಕ್ಕೂ ಹೆಚ್ಚು, ಅವುಗಳಲ್ಲಿ ರೈನೋವೈರಸ್ ಗುಂಪಿನದೇ ದೊಡ್ಡ ಪಾಲು. ಯಾವ ಆ್ಯಂಟಿಬಯೋಟಿಕ್ಕೂ ಇವನ್ನು ಮುಟ್ಟುವುದಿಲ್ಲ.

ಅಲರ್ಜಿಗೆ ತುರಿಕೆಯೇ ಗುರುತು. ಮೂಗಿನ ಒಳಗೆ, ಕಣ್ಣಿನ ಮೂಲೆಯಲ್ಲಿ, ಬಾಯಿಯ ಅಂಗುಳದಲ್ಲಿ ತುರಿಕೆ. ಬೆಳಗ್ಗೆ ಹಾಸಿಗೆಯಿಂದ ಏಳುತ್ತಲೇ ಎಂಟು-ಹತ್ತು ಸೀನು ಸಾಲಾಗಿ ಬರುತ್ತವೆ. ನೀರು ಎಷ್ಟು ದಿನವಾದರೂ ತೆಳ್ಳಗೇ ಇರುತ್ತದೆ, ಜ್ವರ ಇರುವುದಿಲ್ಲ. ಎರಡು ವಾರ ದಾಟಿದ 'ನೆಗಡಿ', ಪ್ರತಿ ವರ್ಷ ಅದೇ ತಿಂಗಳಲ್ಲಿ ಬರುವ 'ನೆಗಡಿ', ಊರಿಗೆ ಹೋದರೆ ನಿಂತು ಬೆಂಗಳೂರಿಗೆ ಬಂದರೆ ಶುರುವಾಗುವ 'ನೆಗಡಿ', ಇವೆಲ್ಲ ಹೆಚ್ಚಿನ ಪಾಲು ಅಲರ್ಜಿಯೇ. ಮಕ್ಕಳಲ್ಲಿ ಇನ್ನೊಂದು ಗುರುತಿದೆ. ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜಿ ಉಜ್ಜಿ, ಮೂಗಿನ ಮೇಲೆ ಅಡ್ಡಗೆರೆ ಮೂಡಿರುತ್ತದೆ. ಕಣ್ಣಿನ ಕೆಳಗೆ ಕಪ್ಪು ಛಾಯೆ ಇರುತ್ತದೆ.

ಮೂರನೆಯ ಗುಂಪಿಗೆ ವೈರಸ್ಸೂ ಇಲ್ಲ, ಅಲರ್ಜಿಯೂ ಇಲ್ಲ. ಎ.ಸಿ. ರೂಮಿಗೆ ಕಾಲಿಟ್ಟರೆ, ಬೆಳಗಿನ ಚಳಿಗಾಳಿಯಲ್ಲಿ ಸ್ಕೂಟರ್ ಓಡಿಸಿದರೆ, ಒಗ್ಗರಣೆಯ ಘಾಟು, ಅಗರಬತ್ತಿ ಹೊಗೆ ಅಥವಾ ಸೆಂಟಿನ ವಾಸನೆ ತಾಗಿದರೆ ಮೂಗು ಸೋರುತ್ತದೆ, ಅಲ್ಲಿಂದ ಸರಿದರೆ ನಿಲ್ಲುತ್ತದೆ. ತುರಿಕೆ ಇರುವುದಿಲ್ಲ. ಮೂಗಿನ ನರಗಳು ಮತ್ತು ರಕ್ತನಾಳಗಳು ಅತಿಯಾಗಿ ಪ್ರತಿಕ್ರಿಯಿಸುವುದರಿಂದ ಹೀಗಾಗುತ್ತದೆ. ಖಾರದ ಊಟಕ್ಕೆ ಕೂತಾಗ ಸೋರುವುದೂ ಇದೇ ಜಾತಿಯದು. ಮೆಣಸಿನಕಾಯಿಯ ಖಾರ ಬಾಯಿಯ ನರವನ್ನು ಕೆಣಕಿದಾಗ ಮೂಗಿನ ಗ್ರಂಥಿಗಳಿಗೂ ಸೂಚನೆ ಹೋಗುತ್ತದೆ. ಊಟ ಮುಗಿದ ಮೇಲೆ ನಿಂತರೆ ಮದ್ದು ಬೇಡ, ಕರವಸ್ತ್ರ ಸಾಕು.

ಇನ್ನು ಸುಲಭವಾಗಿ ಕಣ್ತಪ್ಪುವ ಎರಡು ಕಾರಣ. ಮೂಗು ಕಟ್ಟಿದ್ದಕ್ಕೆ ಹಾಕುವ ಡ್ರಾಪ್ಸ್ ಅನ್ನು ವಾರಗಟ್ಟಲೆ ಹಾಕಿದರೆ ಅದರಿಂದಲೇ ಮೂಗು ಮತ್ತೆ ಕಟ್ಟುತ್ತದೆ (ಇದನ್ನು ಮುಂದೆ ವಿವರಿಸಿದೆ). ಗರ್ಭಿಣಿಯರಲ್ಲಿ ಹಾರ್ಮೋನಿನಿಂದಲೇ ಮೂಗು ಕಟ್ಟಿ ಸೋರುವುದುಂಟು. ಹೆರಿಗೆಯಾದ ಎರಡು ವಾರದೊಳಗೆ ಅದು ತಾನಾಗಿ ಹೋಗುತ್ತದೆ.

ಉಪ್ಪುನೀರು: ಎಲ್ಲ ಕಾರಣಕ್ಕೂ ಸಲ್ಲುವ ಮದ್ದು

ಒಂದೇ ಒಂದು ಮನೆಮದ್ದು ಆರಿಸಿ ಎಂದರೆ ಉಪ್ಪುನೀರಿನಿಂದ ಮೂಗು ತೊಳೆಯುವುದನ್ನೇ ಆರಿಸಬೇಕು. ನೆಗಡಿಯಲ್ಲಿ ಇದು ಗಟ್ಟಿ ಸಿಂಬಳವನ್ನು ಸಡಿಲ ಮಾಡಿ ಹೊರಗೆ ತರುತ್ತದೆ. ಅಲರ್ಜಿಯಲ್ಲಿ ಧೂಳು, ಪರಾಗವನ್ನೇ ತೊಳೆದು ಹಾಕುತ್ತದೆ. ಹೊಗೆ, ಘಾಟಿನಿಂದ ಕೆರಳಿದ ಮೂಗಿಗೂ ತಂಪು. ಬೇರೆ ಔಷಧದ ಜೊತೆ ತಕರಾರಿಲ್ಲ, ಗರ್ಭಿಣಿಯರೂ ಮಾಡಬಹುದು. ಆದರೆ ಸರಿಯಾಗಿ ಮಾಡದಿದ್ದರೆ ಉರಿ, ಕಿವಿನೋವು, ಅಪರೂಪಕ್ಕೆ ಪ್ರಾಣಕ್ಕೇ ಅಪಾಯ. ಆದ್ದರಿಂದ ವಿವರವಾಗಿ ಹೇಳಬೇಕು.

ಮೊದಲು ನೀರು. ನಲ್ಲಿ ನೀರನ್ನು ನೇರವಾಗಿ ಮೂಗಿಗೆ ಹಾಕಲೇಬಾರದು. ಬಾವಿ, ಬೋರ್‌ವೆಲ್, ಟ್ಯಾಂಕರ್, ಮಹಡಿ ಮೇಲಿನ ಟ್ಯಾಂಕಿನ ನೀರು ಯಾವುದಾದರೂ ಅಷ್ಟೆ. ನೆಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುತ್ತದೆ. ಕುಡಿದರೆ ಏನೂ ಆಗುವುದಿಲ್ಲ, ಮೂಗಿನ ಮೂಲಕ ಹೋದರೆ ಮಿದುಳಿಗೆ ಏರುತ್ತದೆ. ಅಮೆರಿಕದ ಲೂಸಿಯಾನಾದಲ್ಲಿ 2011ರಲ್ಲಿ ನಲ್ಲಿ ನೀರಿನಿಂದ ನೇತಿ (ಕೊಳವೆಯಿರುವ ಪಾತ್ರೆಯಿಂದ ಮೂಗು ತೊಳೆಯುವುದು) ಮಾಡಿದ ಇಬ್ಬರು ಹೀಗೆ ತೀರಿಕೊಂಡರು. ನಮ್ಮ ಪಕ್ಕದ ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬಾದ ಮಿದುಳು ಜ್ವರದ ಪ್ರಕರಣಗಳು ಕಾಣಿಸಿಕೊಂಡಿವೆ. ಹಾಗಾಗಿ ನೀರು ಬುಳಬುಳ ಕುದಿ ಬಂದ ಮೇಲೆ ಕನಿಷ್ಠ 1 ನಿಮಿಷ ಕುದಿಯಲು ಬಿಡಿ, ಮುಚ್ಚಿಟ್ಟು ಆರಿಸಿ. (ಸಮುದ್ರಮಟ್ಟದಿಂದ 2,000 ಮೀಟರಿಗಿಂತ ಎತ್ತರದಲ್ಲಿ 3 ನಿಮಿಷ ಬೇಕು. ಮುಳ್ಳಯ್ಯನಗಿರಿಯ ತುದಿಯೂ ಅಷ್ಟು ಎತ್ತರವಿಲ್ಲ, ಆದ್ದರಿಂದ ಕರ್ನಾಟಕದಲ್ಲಿ ಎಲ್ಲಿದ್ದರೂ ಒಂದು ನಿಮಿಷ ಸಾಕು.) ಫಿಲ್ಟರ್ ನೀರು, ಕ್ಯಾನ್ ನೀರು ಆದರೂ ಕುದಿಸಿ. ಕುಡಿಯಲು ಯೋಗ್ಯವಾದ ನೀರೆಲ್ಲ ಮೂಗಿಗೆ ಯೋಗ್ಯವಲ್ಲ.

ಉಪ್ಪಿನ ಅಳತೆ: 1 ಲೀಟರಿಗೆ 9 ಗ್ರಾಂ, ಅಂದರೆ ಪುಡಿ ಉಪ್ಪು ಸಮಮಟ್ಟ ಮಾಡಿದ ಒಂದೂವರೆ ಟೀ ಚಮಚ. ಒಂದು ಲೋಟಕ್ಕೆ, ಅಂದರೆ 250 ಮಿಲಿಗೆ, ಅರ್ಧ ಟೀ ಚಮಚಕ್ಕಿಂತ ಚೂರು ಕಡಿಮೆ. ಇದು ನಮ್ಮ ರಕ್ತದ ಉಪ್ಪಿನ ಪ್ರಮಾಣಕ್ಕೆ ಹೊಂದುವುದರಿಂದ ಮೂಗು ಉರಿಯುವುದಿಲ್ಲ. ಲೋಟಕ್ಕೆ ಎರಡು ಚಿಟಿಕೆ ಅಡುಗೆ ಸೋಡಾ ಸೇರಿಸಿದರೆ ಇನ್ನೂ ಮೃದುವಾಗುತ್ತದೆ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದನ್ನು ಹಾಕಬೇಡಿ. ಅಯೋಡಿನ್ ಇರುವ ಉಪ್ಪು ಕೆಲವರಿಗೆ ಚುರುಗುಟ್ಟುತ್ತದೆ. ಅಂಥವರು ಸೈಂಧವ ಉಪ್ಪಿನ ಪುಡಿ ಬಳಸಬಹುದು. ಕಲ್ಲುಪ್ಪಾದರೆ ಚಮಚದ ಅಳತೆ ನಂಬಬೇಡಿ, ಹರಳಿನ ನಡುವೆ ಗಾಳಿ ಇರುವುದರಿಂದ ಉಪ್ಪು ಕಡಿಮೆ ಬೀಳುತ್ತದೆ. ಕಲ್ಲುಪ್ಪು ಕರಗಿದ ಮೇಲೆ ತಳದಲ್ಲಿ ಕಸರು ನಿಂತರೆ ಬಟ್ಟೆಯಲ್ಲಿ ಸೋಸಿ, ಆಮೇಲೆ ಕುದಿಸಿ. ಉಳಿದ ನೀರನ್ನು 24 ಗಂಟೆಗಿಂತ ಹೆಚ್ಚು ಇಡಬೇಡಿ.

ತೊಳೆಯುವ ಕ್ರಮ ಹೀಗಿದೆ. ನೀರು ಉಗುರುಬೆಚ್ಚಗಿರಲಿ, ಮಣಿಕಟ್ಟಿನ ಒಳಭಾಗಕ್ಕೆ ಎರಡು ಹನಿ ಬಿಟ್ಟರೆ ಬಿಸಿಯೂ ತಣ್ಣಗೂ ಅನ್ನಿಸಬಾರದು. ಸಿಂಕಿನ ಮೇಲೆ ಸೊಂಟದಿಂದ ಬಾಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ. ಬಾಯಿ ತೆರೆದೇ ಇರಲಿ, ಉಸಿರೆಲ್ಲ ಬಾಯಿಯಿಂದಲೇ. ಬೇಕಿದ್ದರೆ 'ಆ…' ಎಂದು ಸ್ವರ ಎಳೆಯಿರಿ, ಆಗ ನೀರು ಗಂಟಲಿಗೆ ಇಳಿಯುವುದು ಕಡಿಮೆ. ಮೇಲಿನ ಹೊಳ್ಳೆಗೆ ನೇತಿ ಪಾತ್ರೆಯ ಕೊಳವೆ ಇಟ್ಟು ನಿಧಾನ ಸುರಿದರೆ ಕೆಳಗಿನ ಹೊಳ್ಳೆಯಿಂದ ಹರಿದು ಬರುತ್ತದೆ. ಸುಮಾರು 100 ಮಿಲಿ ಆದ ಮೇಲೆ ಇನ್ನೊಂದು ಕಡೆ. ಕೊನೆಗೆ ಬಗ್ಗಿ ನಿಂತು, ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ಉಳಿದ ನೀರು ಇಳಿಸಿ. ಎರಡೂ ಹೊಳ್ಳೆ ತೆರೆದಿಟ್ಟುಕೊಂಡೇ ಮೆಲ್ಲಗೆ ಸೀಟಿ. ಇಲ್ಲಿ ಮೂಗು ಒತ್ತಿ ಹಿಡಿದು ಜೋರಾಗಿ ಸೀಟಿದರೆ ನೀರು ಕಿವಿಯ ನಾಳಕ್ಕೆ ನುಗ್ಗಿ ಕಿವಿ ಗುಂಯ್ ಅನ್ನುತ್ತದೆ. ಕಿವಿನೋವು ಬಂತು ಎಂದು ನೇತಿಯನ್ನೇ ಬಿಟ್ಟವರಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲೇ.

ಉರಿ ಬಂದರೆ ಉಪ್ಪು ಕಡಿಮೆಯಾಗಿದೆ ಇಲ್ಲವೇ ಜಾಸ್ತಿಯಾಗಿದೆ. ಸಪ್ಪೆ ನೀರೂ ಜೋರಾಗಿ ಉರಿಸುತ್ತದೆ. ಮಲಗುವ ಹೊತ್ತಿಗೆ ಸರಿಯಾಗಿ ತೊಳೆಯಬೇಡಿ, ಸೈನಸ್ಸಿನಲ್ಲಿ (ಮೂಗಿನ ಸುತ್ತಲಿನ ಮೂಳೆಯ ಪೊಳ್ಳುಗಳಲ್ಲಿ) ನಿಂತ ನೀರು ದಿಂಬಿನ ಮೇಲೆ ಸೋರುತ್ತದೆ. ಒಂದು ಗಂಟೆ ಮೊದಲು ಮುಗಿಸಿ. ಮೂಗು ಪೂರ್ತಿ ಕಟ್ಟಿ ನೀರು ಆಚೆ ಬರುತ್ತಿಲ್ಲವಾದರೆ, ಕಿವಿ ನೋಯುತ್ತಿದ್ದರೆ, ಮೂಗಿನಿಂದ ರಕ್ತ ಬರುತ್ತಿದ್ದರೆ, ಈಚೆಗೆ ಮೂಗಿನ ಆಪರೇಷನ್ ಆಗಿದ್ದರೆ ಮಾಡಬೇಡಿ. ಪಾತ್ರೆಯನ್ನು ಪ್ರತಿ ಸಲವೂ ಸೋಪಿನಲ್ಲಿ ತೊಳೆದು, ಕುದಿಸಿದ ನೀರಿನಲ್ಲಿ ಜಾಲಾಡಿ, ಬೋರಲು ಹಾಕಿ ಪೂರ್ತಿ ಒಣಗಿಸಿ.

ಯಾವ ಸಾಧನ? ನೇತಿ ಪಾತ್ರೆಯಲ್ಲಿ ನೀರು ತನ್ನ ಭಾರಕ್ಕೆ ಹರಿಯುತ್ತದೆ, ಒತ್ತಡ ಇಲ್ಲ, ಹೊಸಬರಿಗೆ ಒಳ್ಳೆಯದು. ಹಿಂಡುವ ಬಾಟಲಿಯಲ್ಲಿ ಒತ್ತಡ ಇರುತ್ತದೆ, ಗಟ್ಟಿ ಸಿಂಬಳಕ್ಕೆ ಮತ್ತು ಹಳೆಯ ಸೈನಸ್ ತೊಂದರೆಗೆ ಇದೇ ಮೇಲು, ಆದರೆ ಕೈ ಬಿಗಿಯಾದರೆ ಕಿವಿಗೆ ಹೋಗುತ್ತದೆ. ಸಲೈನ್ ಸ್ಪ್ರೇ ಮೂಗನ್ನು ಒದ್ದೆ ಮಾಡುತ್ತದೆ, ತೊಳೆಯುವುದಿಲ್ಲ. ಆಫೀಸಿನಲ್ಲಿ, ಬಸ್ ಪ್ರಯಾಣದಲ್ಲಿ ಅಷ್ಟೇ ಸಾಕು. ಮೂರು-ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸಲೈನ್ ಡ್ರಾಪ್ಸ್ ಬಿಟ್ಟು ಬೇರೆ ಬೇಡ.

ಹಬೆ: ಹಿತ ಇದೆ, ಗುಣ ಕಡಿಮೆ

ಹಬೆಗೆ ನಮ್ಮಲ್ಲಿ ಇರುವಷ್ಟು ಮರ್ಯಾದೆ ಅದರ ಕೆಲಸಕ್ಕೆ ತಕ್ಕದ್ದಲ್ಲ. ಇದುವರೆಗಿನ ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ ಹಬೆಯಿಂದ ನೆಗಡಿ ಬೇಗ ಹೋಗುತ್ತದೆ ಎನ್ನಲು ಗಟ್ಟಿ ಆಧಾರ ಸಿಕ್ಕಿಲ್ಲ. ಗಟ್ಟಿಯಾದ ಸಿಂಬಳ ಸ್ವಲ್ಪ ಸಡಿಲವಾಗುತ್ತದೆ, ತಲೆಭಾರ ಇಳಿದಂತೆ ಅನ್ನಿಸುತ್ತದೆ, ಅರ್ಧ-ಒಂದು ಗಂಟೆ ನೆಮ್ಮದಿ. ಹಾಗಾಗಿ ಮೂಗು ಕಟ್ಟಿದವರಿಗೆ ಸರಿ. ನೀರಿನಂತೆ ಸೋರುತ್ತಿರುವ ಮೂಗಿಗೆ ಹಬೆ ಹಿಡಿದರೆ ಇನ್ನಷ್ಟು ಸೋರುತ್ತದೆ ಅಷ್ಟೆ.

ಅಪಾಯ ಮಾತ್ರ ನಿಜವಾದದ್ದು. ಕುದಿಯುವ ನೀರಿನ ಪಾತ್ರೆಯನ್ನು ತೊಡೆಯ ಮೇಲೋ ಹಾಸಿಗೆಯ ಮೇಲೋ ಇಟ್ಟುಕೊಂಡು, ತಲೆ ಮೇಲೆ ಟವೆಲ್ ಹೊದ್ದು ಕೂತಾಗ ಟವೆಲಿನ ಅಂಚು ಪಾತ್ರೆಗೆ ಸಿಕ್ಕಿ ಉರುಳುತ್ತದೆ. ತೊಡೆ, ಹೊಟ್ಟೆ ಸುಟ್ಟುಕೊಳ್ಳುವುದು ಹೀಗೆ. ಮಾಡಲೇಬೇಕೆಂದರೆ ನೀರು ಕುದಿದ ಮೇಲೆ ಎರಡು ನಿಮಿಷ ಆರಲು ಬಿಡಿ, ಅಗಲ ತಳದ ಪಾತ್ರೆಯನ್ನು ಅಲುಗಾಡದ ಮೇಜಿನ ಮೇಲೆ ಇಡಿ, ಮುಖ ಒಂದು ಅಡಿಗಿಂತ ದೂರ ಇರಲಿ, ಕಣ್ಣು ಮುಚ್ಚಿರಲಿ, ಐದು ನಿಮಿಷ ಸಾಕು. ಮಕ್ಕಳಿಗೆ ಬೇಡವೇ ಬೇಡ. ಅದಕ್ಕಿಂತ ಬಾತ್‌ರೂಮಿನ ಬಾಗಿಲು ಹಾಕಿ ಬಿಸಿನೀರು ಬಿಟ್ಟು, ಆ ಬೆಚ್ಚಗಿನ ತೇವದಲ್ಲಿ ಮಗುವನ್ನು ಎತ್ತಿಕೊಂಡು ಹತ್ತು ನಿಮಿಷ ಕೂತರೆ ಅದೇ ಹಿತ ಸಿಗುತ್ತದೆ.

ಕಷಾಯ, ಸಾರು, ಅರಿಶಿನದ ಹಾಲು

ಬಿಸಿ ಪಾನೀಯದ ಪರವಾಗಿ ಒಂದು ಒಳ್ಳೆಯ ಆಧಾರ ಇದೆ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ನೆಗಡಿ ಇದ್ದವರಿಗೆ ಒಂದೇ ಹಣ್ಣಿನ ಪಾನೀಯವನ್ನು ಕೆಲವರಿಗೆ ಬಿಸಿ, ಕೆಲವರಿಗೆ ಬಿಸಿ ಮಾಡದೆ ಕೊಟ್ಟು ನೋಡಿದರು. ಬಿಸಿ ಕುಡಿದವರು ಮೂಗು ಸೋರುವುದು, ಸೀನು, ಕೆಮ್ಮು, ಗಂಟಲು ನೋವು ಎಲ್ಲ ಕಡಿಮೆಯಾಯಿತು ಎಂದರು. ಮೂಗಿನಲ್ಲಿ ಗಾಳಿ ಆಡುವ ಪ್ರಮಾಣವನ್ನು ಯಂತ್ರದಲ್ಲಿ ಅಳೆದಾಗ ಬದಲಾವಣೆ ಇರಲಿಲ್ಲ. ಅಂದರೆ ಕಷಾಯ ರೋಗವನ್ನು ಓಡಿಸುವುದಿಲ್ಲ, ರೋಗಿಗೆ ಆರಾಮ ಕೊಡುತ್ತದೆ. ನೆಗಡಿಯ ಮೂರು ದಿನ ದಾಟಿಸಲು ಅದೇ ದೊಡ್ಡ ಸಹಾಯ.

ಯಾವ ಕಷಾಯ ಎಂಬುದರಲ್ಲಿ ಮಾತ್ರ ವ್ಯತ್ಯಾಸ ಮಾಡಿ. ಕಾಳುಮೆಣಸು, ಶುಂಠಿ, ಬ್ಯಾಡಗಿಗಿಂತ ಖಾರದ ಮೆಣಸಿನಕಾಯಿ ಇವೆಲ್ಲ ಮೂಗಿನ ಗ್ರಂಥಿಗಳಿಂದ ನೀರು ಹೊರಡಿಸುತ್ತವೆ. ಸಿಂಬಳ ಗಟ್ಟಿಯಾಗಿ ಕಟ್ಟಿಕೊಂಡಿರುವ ನಾಲ್ಕೈದನೇ ದಿನಕ್ಕೆ ಅದು ಬೇಕಾದದ್ದೇ, ಆಗ ಮೆಣಸಿನ ಸಾರು ಅಥವಾ ಖಾರದ ಹುರುಳಿ ಸಾರು ಬಿಸಿಬಿಸಿಯಾಗಿ ಕುಡಿಯಿರಿ. ಇನ್ನೂ ನೀರೇ ಸೋರುತ್ತಿರುವ ಮೊದಲ ಎರಡು ದಿನ ಕೊತ್ತಂಬರಿ-ಜೀರಿಗೆಯ ಸೌಮ್ಯ ಕಷಾಯ ಒಳ್ಳೆಯದು.

ಮಲೆನಾಡಿನ ಮನೆಗಳಲ್ಲಿರುವಂಥ ಕಷಾಯ ಪುಡಿಗೆ: ಕೊತ್ತಂಬರಿ ಬೀಜ 1 ಕಪ್, ಜೀರಿಗೆ ಅರ್ಧ ಕಪ್, ಸೋಂಪು 1 ದೊಡ್ಡ ಚಮಚ, ಮೆಂತ್ಯ 1 ಟೀ ಚಮಚ, ಕಾಳುಮೆಣಸು 1 ಟೀ ಚಮಚ (ಗಟ್ಟಿ ಸಿಂಬಳಕ್ಕಾದರೆ 1 ದೊಡ್ಡ ಚಮಚ). ಸಣ್ಣ ಉರಿಯಲ್ಲಿ ಒಂದೊಂದನ್ನೇ ಬೇರೆ ಬೇರೆ ಹುರಿಯಿರಿ. ಒಟ್ಟಿಗೆ ಹಾಕಿದರೆ ಕೊತ್ತಂಬರಿ ಬಿಸಿಯಾಗುವಷ್ಟರಲ್ಲಿ ಮೆಂತ್ಯ ಕರಿದು ಕಷಾಯ ಕಹಿಯಾಗುತ್ತದೆ. ಆರಿದ ಮೇಲೆ ತರಿತರಿಯಾಗಿ ಪುಡಿ ಮಾಡಿ, ಒಣ ಡಬ್ಬಿಯಲ್ಲಿಡಿ. ಎರಡು ಲೋಟ ನೀರಿಗೆ ಒಂದು ಟೀ ಚಮಚ ಪುಡಿ, ಜಜ್ಜಿದ ಶುಂಠಿ ಅರ್ಧ ಇಂಚು ಹಾಕಿ ಐದಾರು ನಿಮಿಷ ಕುದಿಸಿ, ಒಂದೂವರೆ ಲೋಟಕ್ಕೆ ಇಳಿದಾಗ ಸೋಸಿ. ಬೆಲ್ಲ ಹಾಲು ಎರಡೂ ಹಾಕುವವರು ಹಾಲನ್ನು ಬೇರೆ ಕಾಯಿಸಿಟ್ಟು, ಬೆಲ್ಲ ಕರಗಿದ ಕಷಾಯವನ್ನು ಒಲೆಯಿಂದ ಇಳಿಸಿದ ಮೇಲೆ ಬೆರೆಸಿ. ಒಲೆಯ ಮೇಲೆ ಒಟ್ಟಿಗೆ ಕುದಿಸಿದರೆ ಹಾಲು ಒಡೆಯುತ್ತದೆ.

ದಿನಕ್ಕೆ ಎರಡು-ಮೂರು ಸಲ ಸಾಕು. ನೆಗಡಿ ಬೇಗ ಹೋಗಲಿ ಎಂದು ಶುಂಠಿ, ಮೆಣಸು ಹೆಚ್ಚು ಹಾಕಿ ಐದಾರು ಸಲ ಕುಡಿದರೆ ನೆಗಡಿಯ ಜೊತೆ ಎದೆಯುರಿಯೂ ಬರುತ್ತದೆ. ಬಿ.ಪಿ. ಇರುವವರು ಜೇಷ್ಠಮಧು ಹಾಕಿದ ಕಷಾಯವನ್ನು ದಿನಗಟ್ಟಲೆ ಕುಡಿಯಬಾರದು, ಅದು ಬಿ.ಪಿ. ಏರಿಸುತ್ತದೆ.

ಅರಿಶಿನದ ಹಾಲು ಗಂಟಲಿಗೆ ಹಿತ, ಮೂಗಿಗೆ ವಿಶೇಷ ಉಪಯೋಗ ಇಲ್ಲ. ದೊಡ್ಡಪತ್ರೆ ಎಲೆಯನ್ನು ಬಾಡಿಸಿ ಹಿಂಡಿದ ರಸ, ಜೇನುತುಪ್ಪ ಇವೂ ಕೆಮ್ಮಿನ ಕಡೆಯವು. ರಾತ್ರಿ ಕೆಮ್ಮಿಗೆ ಅರ್ಧದಿಂದ ಒಂದು ಟೀ ಚಮಚ ಜೇನು ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಜೇನು ನೆಕ್ಕಿಸಲೇಬೇಡಿ, ಅದರಲ್ಲಿರಬಹುದಾದ ಬಾಟ್ಯುಲಿಸಂ ಬೀಜಾಣುಗಳನ್ನು ಎಳೆಯ ಕರುಳು ತಡೆಯಲಾರದು. ಹಾಲು, ಮೊಸರು, ಬಾಳೆಹಣ್ಣು ನಿಲ್ಲಿಸಬೇಕಾಗಿಲ್ಲ. ಹಾಲು ಕುಡಿದಾಗ ಎಂಜಲು ಮಂದವಾಗಿ ಕಫ ಹೆಚ್ಚಾದಂತೆ ಅನ್ನಿಸುತ್ತದೆ, ಹೆಚ್ಚು ಹುಟ್ಟುವುದಿಲ್ಲ. ಊಟ ಸೇರದ ಮಗುವಿಗೆ ಸೇರುವ ಮೊಸರನ್ನವನ್ನೂ ಕಿತ್ತುಕೊಳ್ಳುವುದು ನ್ಯಾಯವಲ್ಲ.

ಕರ್ಪೂರ, ನೀಲಗಿರಿ ಎಣ್ಣೆ, ಹೊಗೆ

ವಿಕ್ಸ್, ನೀಲಗಿರಿ ಎಣ್ಣೆ, ಓಮದ ಗಂಟು ಇವುಗಳ ಘಮ ಮೂಗಿನ ತಂಪು ತಿಳಿಯುವ ನರವನ್ನು ತಟ್ಟುತ್ತದೆ. ಮೂಗು ತೆರೆದಂತೆ ಅನ್ನಿಸುತ್ತದೆ, ಊತ ಹಾಗೇ ಇರುತ್ತದೆ. ದೊಡ್ಡವರು ಎದೆಗೆ ಹಚ್ಚಿಕೊಂಡು ಮಲಗಿದರೆ ನಿದ್ದೆ ಬರುವಷ್ಟು ಉಪಯೋಗ ಉಂಟು. ಹೊಳ್ಳೆಯ ಒಳಗೆ ಹಚ್ಚಬಾರದು, ಬಿಸಿನೀರಿಗೂ ಹಾಕಬಾರದು.

ಕರ್ಪೂರದ ವಿಷಯದಲ್ಲಿ ಬಿಗಿಯಾಗಿರಿ. ಕೂಸಿನ ಕೊರಳಿಗೆ ಅಥವಾ ತೊಟ್ಟಿಲಿಗೆ ಕರ್ಪೂರದ ಗಂಟು ಕಟ್ಟುವ ರೂಢಿ ಇನ್ನೂ ಇದೆ. ಗಂಟು ಬಿಚ್ಚಿ ಬಾಯಿಗೆ ಹೋದರೆ, ಒಂದು ಗ್ರಾಂಗಿಂತ ಕಡಿಮೆ ನುಂಗಿದರೂ ಪುಟ್ಟ ಮಗುವಿಗೆ ಫಿಟ್ಸ್ ಬರಬಹುದು. ಎರಡು ವರ್ಷದೊಳಗೆ ಕರ್ಪೂರ ಸೇರಿದ ಯಾವ ಮುಲಾಮೂ ಬೇಡ.

ಅರಿಶಿನ ಕೊಂಬನ್ನು ದೀಪಕ್ಕೆ ಹಿಡಿದು ಹೊಗೆ ಎಳೆದುಕೊಳ್ಳುವುದನ್ನು, ಮಗುವಿನ ಸ್ನಾನದ ನಂತರ ಸಾಂಬ್ರಾಣಿ ಹೊಗೆ ಹಿಡಿಯುವುದನ್ನು ಪೂರ್ತಿ ಬಿಟ್ಟುಬಿಡಿ. ಕೆರಳಿದ ಮೂಗಿಗೆ ಹೊಗೆ ಇನ್ನಷ್ಟು ಕೆರಳಿಕೆ. ಉಬ್ಬಸ ಇರುವವರಿಗೆ ಅಲ್ಲೇ ಉಸಿರು ಹಿಡಿಯುತ್ತದೆ. ಹೊಗೆ ಎಳೆದ ಕೂಡಲೇ ಹೊರಬರುವ ನೀರನ್ನು ನೋಡಿ 'ಕೆಟ್ಟದ್ದೆಲ್ಲ ಹೊರಗೆ ಬಂತು' ಅಂದುಕೊಳ್ಳುತ್ತಾರೆ. ಅದು ಉರಿ ತಾಳಲಾರದೆ ಮೂಗು ಹಾಕಿದ ಹೊಸ ನೀರು.

ಅಲರ್ಜಿಯಾದರೆ ಮನೆಯ ಕೆಲಸವೇ ಮದ್ದು

ಅಲರ್ಜಿಗೆ ಕಷಾಯ ಕುಡಿದು ಕಾಯುವುದು ವ್ಯರ್ಥ. ತೊಂದರೆ ಹಾಸಿಗೆಯಲ್ಲಿದೆ. ಮನೆಧೂಳಿನ ನುಸಿ ಬರಿಗಣ್ಣಿಗೆ ಕಾಣದು, ದಿಂಬು-ಹಾಸಿಗೆಯಲ್ಲಿ ನಮ್ಮ ಉದುರಿದ ಚರ್ಮದ ಪುಡಿ ತಿಂದು ಬದುಕುತ್ತದೆ, ತೇವ ಹೆಚ್ಚಿದ್ದಷ್ಟೂ ಬೆಳೆಯುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲ ಅದಕ್ಕೆ ಹಬ್ಬ. ವಾರಕ್ಕೊಮ್ಮೆ ಹೊದಿಕೆ, ದಿಂಬಿನ ಕವರನ್ನು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯಿರಿ. ತಣ್ಣೀರಿನಲ್ಲಿ ಒಗೆದರೆ ನುಸಿಯ ಹಿಕ್ಕೆ ಹೋಗುತ್ತದೆ, ನುಸಿ ಸಾಯುವುದಿಲ್ಲ. ಹಾಸಿಗೆಯನ್ನು ಬಿಸಿಲಿಗೆ ಹಾಕಿ, ಕೊಡವುವ ಕೆಲಸವನ್ನು ಅಲರ್ಜಿ ಇಲ್ಲದವರು ಮಾಡಲಿ. ಒಣ ಪೊರಕೆಯ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ದಸರೆ, ಯುಗಾದಿಗೆ ಅಟ್ಟ ಇಳಿಸುವಾಗ ಎನ್95 ಮಾಸ್ಕ್ ಹಾಕಿಕೊಳ್ಳಿ, ಮುಗಿದ ಮೇಲೆ ಉಪ್ಪುನೀರಿನಲ್ಲಿ ಮೂಗು ತೊಳೆಯಿರಿ.

ಇನ್ನೊಂದು ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಬೆಂಗಳೂರಿನ ಖಾಲಿ ಸೈಟುಗಳಲ್ಲಿ, ರೈಲು ಹಳಿಯ ಪಕ್ಕದಲ್ಲಿ ಮಳೆ ಬಿದ್ದ ಕೂಡಲೇ ಎದ್ದು ಬಿಳಿ ಹೂ ಬಿಡುತ್ತದೆ. ಅದರ ಪರಾಗದಿಂದ ಮೂಗು ಸೋರುವವರು ನಮ್ಮಲ್ಲಿ ಬಹಳ ಮಂದಿ. ಹೂ ಬಿಡುವ ಮೊದಲೇ, ಕೈಗವಸು ಹಾಕಿ, ಬೇರು ಸಮೇತ ಕೀಳಿಸಬೇಕು. ಹೂವಾದ ಮೇಲೆ ಕೊಚ್ಚಿದರೆ ಪರಾಗ ಇನ್ನಷ್ಟು ಹಾರುತ್ತದೆ.

ಮೆಡಿಕಲ್ ಸ್ಟೋರಿನಿಂದ ತರುವವು

ಸಿಟ್ರಿಜಿನ್ ಅಲರ್ಜಿಗೆ ಒಳ್ಳೆಯ ಮಾತ್ರೆ. ದೊಡ್ಡವರಿಗೆ 10 ಮಿಲಿಗ್ರಾಂ, ದಿನಕ್ಕೆ ಒಂದೇ, ರಾತ್ರಿ. ನಿದ್ದೆ ತರಿಸುತ್ತದೆ, ನುಂಗಿ ಗಾಡಿ ಓಡಿಸಬೇಡಿ. ಕಿಡ್ನಿ ತೊಂದರೆ ಇರುವವರಿಗೆ ಪ್ರಮಾಣ ಕಡಿಮೆ ಮಾಡಬೇಕು, ಡಾಕ್ಟರನ್ನು ಕೇಳಿ. ಹಗಲು ಎಚ್ಚರವಾಗಿರಬೇಕಾದವರಿಗೆ ಫೆಕ್ಸೋಫೆನಡಿನ್ ವಾಸಿ, ಅದನ್ನು ಹಣ್ಣಿನ ರಸದ ಜೊತೆ ನುಂಗಬೇಡಿ, ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ನೆಗಡಿಗೆ ಇವೆರಡರಿಂದಲೂ ಹೇಳಿಕೊಳ್ಳುವಂಥ ಲಾಭ ಇಲ್ಲ.

ಅಲರ್ಜಿ ತಿಂಗಳುಗಟ್ಟಲೆ ಕಾಡುತ್ತಿದ್ದರೆ ಮಾತ್ರೆಗಿಂತ ಫ್ಲುಟಿಕಾಸೋನ್, ಮೊಮೆಟಾಸೋನ್‌ನಂಥ ಸ್ಟೀರಾಯ್ಡ್ ಸ್ಪ್ರೇ ಹೆಚ್ಚು ಗುಣ ಕೊಡುತ್ತದೆ. ಡಾಕ್ಟರ್ ಬರೆದುಕೊಟ್ಟ ಮೇಲೆ ಬಳಸಿ. ಇದು ಮೊದಲ ದಿನವೇ ಕೆಲಸ ಮಾಡುವುದಿಲ್ಲ, ಪೂರ್ತಿ ಗುಣ ಕಾಣಲು ಎರಡು ವಾರ ಬೇಕು, 'ಹಾಕಿದೆ, ಏನೂ ಆಗಲಿಲ್ಲ' ಎಂದು ನಾಲ್ಕನೇ ದಿನ ಬಿಡಬೇಡಿ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ತುದಿ ಕಣ್ಣಿನ ಹೊರಮೂಲೆಯ ಕಡೆ ಇರಲಿ. ನಡುಗೋಡೆಯ ಮೇಲೆ ಬಿದ್ದರೆ ರಕ್ತ ಬರುತ್ತದೆ.

ಮೂಗು ಕಟ್ಟಿದ್ದನ್ನು ಐದು ನಿಮಿಷದಲ್ಲಿ ಬಿಡಿಸುವ ಕ್ಸೈಲೊಮೆಟಜೋಲಿನ್, ಆಕ್ಸಿಮೆಟಜೋಲಿನ್ ಡ್ರಾಪ್ಸ್ (ಒಟ್ರಿವಿನ್, ನಾಸಿವಿಯನ್ ಹೆಸರಿನವು) ಮೂರು ದಿನ, ಬಹಳ ಎಂದರೆ ಐದು ದಿನ. ರಕ್ತನಾಳಗಳನ್ನು ಬಿಗಿ ಮಾಡಿ ಅವು ಕೆಲಸ ಮಾಡುತ್ತವೆ. ವಾರ ದಾಟಿದರೆ ಔಷಧದ ಪರಿಣಾಮ ಇಳಿದ ಕೂಡಲೇ ನಾಳಗಳು ಮೊದಲಿಗಿಂತ ಹೆಚ್ಚು ಹಿಗ್ಗಿ ಮೂಗು ಕಟ್ಟುತ್ತದೆ, ಮತ್ತೆ ಡ್ರಾಪ್ಸ್ ಬೇಕಾಗುತ್ತದೆ. ಈಗಾಗಲೇ ಈ ಚಕ್ರದಲ್ಲಿ ಸಿಕ್ಕಿದ್ದರೆ ಡಾಕ್ಟರ್ ಸಲಹೆಯಂತೆ ಮೊದಲು ಒಂದು ಹೊಳ್ಳೆಗೆ ನಿಲ್ಲಿಸಿ, ಅದು ತೆರೆದ ಮೇಲೆ ಇನ್ನೊಂದಕ್ಕೆ ನಿಲ್ಲಿಸುವ ದಾರಿ ಇದೆ.

ಎಳೆ ಮಕ್ಕಳಿಗೆ

ಕ್ಲೋರ್‌ಫೆನಿರಾಮಿನ್ ಮತ್ತು ಫಿನೈಲೆಫ್ರಿನ್ ಬೆರೆತ ಔಷಧವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು 2023ರ ಡಿಸೆಂಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಕರು ಸೂಚಿಸಿದರು. 2 ವರ್ಷದೊಳಗೆ ಯಾವ ಕೆಮ್ಮು-ನೆಗಡಿ ಸಿರಪ್ಪೂ ಬೇಡ, 5ರೊಳಗೂ ಸಾಮಾನ್ಯವಾಗಿ ಬೇಡ ಎಂದು 2025ರ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಮತ್ತೆ ಎಚ್ಚರಿಸಿತು. ಮನೆಯಲ್ಲಿ ಹಳೆಯ ಬಾಟಲಿ ಇದ್ದರೆ ಚೆಲ್ಲಿಬಿಡಿ.

ಕೂಸಿಗೆ ಬೇಕಾದದ್ದು ಇಷ್ಟೆ. ಹಾಲೂಡುವ ಹತ್ತು-ಹದಿನೈದು ನಿಮಿಷ ಮೊದಲು ಒಂದೊಂದು ಹೊಳ್ಳೆಗೆ ಎರಡು ಹನಿ ಸಲೈನ್, ಒಂದು ನಿಮಿಷ ಕಾದು, ಬೇಕಿದ್ದರೆ ರಬ್ಬರ್ ಬಲ್ಬಿನಿಂದ ಮೆಲ್ಲಗೆ ಎಳೆಯುವುದು. ಬಲ್ಬನ್ನು ಹೊರಗೇ ಒತ್ತಿ ಗಾಳಿ ತೆಗೆದು ಆಮೇಲೆ ಹೊಳ್ಳೆಗೆ ಇಡಿ. ಇಟ್ಟು ಒತ್ತಿದರೆ ಸಿಂಬಳ ಒಳಕ್ಕೆ ಹೋಗುತ್ತದೆ. ದಿನಕ್ಕೆ ಮೂರು-ನಾಲ್ಕು ಸಲಕ್ಕಿಂತ ಹೆಚ್ಚು ಎಳೆದರೆ ಒಳಚರ್ಮ ಊದುತ್ತದೆ. ಬಾಣಂತನದಲ್ಲಿ ನೀರೆರೆಯುವವರು ಕೂಸಿನ ಮೂಗಿಗೆ ಎಣ್ಣೆ ಬಿಡಲು ಬಂದರೆ ತಡೆಯಿರಿ. ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುತ್ತದೆ. ಸೀಟಿ ಸೀಟಿ ಹೊರಚರ್ಮ ಕೆಂಪಾಗಿದ್ದರೆ ಮೂಗಿನ ಕೆಳಗೆ, ಹೊರಗಡೆ ಮಾತ್ರ, ವ್ಯಾಸಲಿನ್ ಸವರಿ.

ಮನೆಮದ್ದು ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕಾದದ್ದು

ಹತ್ತು ದಿನವಾದರೂ ಸ್ವಲ್ಪವೂ ಇಳಿಯದಿದ್ದರೆ, ಇಳಿಯುತ್ತಿದ್ದದ್ದು ಆರೇಳನೇ ದಿನ ಜ್ವರದೊಂದಿಗೆ ಮತ್ತೆ ಏರಿದರೆ, ಕೆನ್ನೆ-ಹಣೆ ನೋವು ಜೋರಾಗಿದ್ದರೆ ಸೈನಸ್ಸಿಗೆ ಬ್ಯಾಕ್ಟೀರಿಯಾ ಸೇರಿರಬಹುದು. ಆಗ ಆ್ಯಂಟಿಬಯೋಟಿಕ್ ಬೇಕೇ ಎಂದು ಡಾಕ್ಟರ್ ನಿರ್ಧರಿಸುತ್ತಾರೆ.

ಮಗುವಿನ ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಬರುತ್ತಿದ್ದರೆ ಒಳಗೆ ಕಡಲೆಬೀಜ, ಮಣಿ, ರಬ್ಬರ್ ಚೂರು ಸಿಕ್ಕಿರುತ್ತದೆ. ಪಿನ್ನು, ಚಿಮಟ ಹಾಕಿ ತೆಗೆಯಲು ಹೋದರೆ ಇನ್ನೂ ಒಳಗೆ ಹೋಗುತ್ತದೆ. ಆಟಿಕೆಯ ಬಟನ್ ಬ್ಯಾಟರಿಯ ಅನುಮಾನ ಇದ್ದರೆ ರಾತ್ರಿಯಾದರೂ ಆಸ್ಪತ್ರೆಗೆ ಓಡಿ, ಅದು ಕೆಲವೇ ಗಂಟೆಗಳಲ್ಲಿ ಮೂಗಿನ ನಡುಗೋಡೆಯನ್ನು ಸುಡುತ್ತದೆ. ದೊಡ್ಡವರಲ್ಲಿ, ಅದರಲ್ಲೂ ತಲೆಗೆ ಪೆಟ್ಟು ಬಿದ್ದ ಮೇಲೆ, ಒಂದೇ ಕಡೆಯಿಂದ ಸ್ವಚ್ಛ ನೀರು ತೊಟ್ಟಿಕ್ಕುತ್ತಿದ್ದರೆ, ಬಗ್ಗಿದಾಗ ಹೆಚ್ಚಾದರೆ, ಬಾಯಿಗೆ ಉಪ್ಪುಪ್ಪು ಅನ್ನಿಸಿದರೆ ಅದು ಮಿದುಳಿನ ಸುತ್ತಲಿನ ದ್ರವ ಇರಬಹುದು. ಅಂಥವರು ಮೂಗು ಸೀಟಬಾರದು, ತೊಳೆಯಬಾರದು, ತಕ್ಷಣ ತೋರಿಸಬೇಕು.

ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಜ್ವರ ಬಂದರೆ ಕಾಯಬೇಡಿ. ಮಕ್ಕಳ ಉಸಿರನ್ನು ಅಳದೆ ಸುಮ್ಮನಿರುವಾಗ, ಅಂಗಿ ಮೇಲೆತ್ತಿ, ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ತೊಂದರೆ ಮೂಗಿನಿಂದ ಎದೆಗೆ ಇಳಿದಿದೆ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.